ಹಸಿರು ಹೊಲದಲ್ಲಿ ಹಸಿದು ನಿಂತ ಕುದುರೆ: ಹಳೇಬೀಡು ಕಡೆಯ ಒಂದು ಪ್ರಕರಣ

ಹಳೇಬೀಡಿನಿಂದ ಜಾವಗಲ್ ಕಡೆಗೆ ಹೋಗುವ ದಾರಿಯಲ್ಲಿ ಒಂದು ಚಿಕ್ಕ ಊರು. ಊರಾಚೆ ಬೀಳು ಬಿದ್ದ ಹೊಲ. ಯಜಮಾನರು ಬೆಂಗಳೂರಿನಲ್ಲಿರುತ್ತಾರೆ. ಆಷಾಢದಲ್ಲಿ ಯಾರೋ ಅಲ್ಲಿ ಒಂದು ಕೆಂಚು ಬಣ್ಣದ ಹೆಣ್ಣು ಕುದುರೆಯನ್ನು ಬಿಟ್ಟು ಹೋಗಿದ್ದರು. ರಾತ್ರಿ ಗಾಡಿ ಬಂದು ನಿಂತ ಸದ್ದು ಕೇಳಿಸಿತ್ತು ಅಂತ ಪಕ್ಕದ ತೋಟದವರು ಆಮೇಲೆ ಹೇಳಿದರು. ಶ್ರಾವಣ ಅರ್ಧ ಕಳೆಯುವ ಹೊತ್ತಿಗೆ ಅದರ ಪಕ್ಕೆಲುಬುಗಳನ್ನು ರಸ್ತೆಯಿಂದಲೇ ಎಣಿಸಬಹುದಿತ್ತು.

ಊರಿನವರು ನೋಡಿಯೂ ಸುಮ್ಮನಿದ್ದರು. ಅವರಿಗೆ ಕರುಣೆ ಇಲ್ಲ ಅಂತಲ್ಲ. ಹೊಲದ ತುಂಬ ಹಸಿರು ಕಾಣುತ್ತಿತ್ತು. "ಅಷ್ಟು ಮೇವಿದೆ, ಮೇಯ್ಕೊಳ್ಳುತ್ತೆ ಬಿಡಿ" ಅನ್ನುವುದು ಎಲ್ಲರ ಮಾತು. ದನ ಸಾಕಿದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಹಸಿರಿನ ನಡುವೆ ನಿಂತ ಪ್ರಾಣಿ ದಿನದಿಂದ ದಿನಕ್ಕೆ ಸೊರಗುತ್ತಿದೆ ಅಂದರೆ ಏನೋ ತಪ್ಪಿದೆ ಅಂತಲೇ ಅರ್ಥ. ನಾವು ಕೆಲವರು ಸ್ನೇಹಿತರು ಸೇರಿ ಈ ಕುದುರೆಯ ಜೊತೆ ನಿಂತೆವು. ಏನೇನು ಮಾಡಿದೆವು, ಯಾಕೆ ಮಾಡಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಕುದುರೆ ಹೀಗೆ ಸಿಕ್ಕರೆ, ಅದನ್ನು ನೋಡಿದವರಿಗೆ ಇದು ಉಪಯೋಗಕ್ಕೆ ಬರಲಿ ಅನ್ನುವುದೇ ಆಸೆ.

ಹತ್ತಿರ ಹೋದಾಗ ಕಂಡದ್ದು

ಮುಂಗಾಲುಗಳೆರಡನ್ನೂ ಸೇರಿಸಿ ನೈಲಾನ್ ಹಗ್ಗ ಕಟ್ಟಿದ್ದರು. ದೂರ ಓಡದಿರಲಿ ಅಂತ ಕಟ್ಟುವ ಕಟ್ಟು ಅದು. ಮಳೆಗೆ ಹಗ್ಗ ಬಿಗಿದು ಎಡಗಾಲಿನ ಗೊರಸಿನ ಮೇಲ್ಭಾಗದಲ್ಲಿ ಮಾಂಸದೊಳಗೆ ಇಳಿದಿತ್ತು. ಗಾಯದಲ್ಲಿ ಹುಳ ಬಿದ್ದಿದ್ದವು. ಗೊರಸುಗಳು ಉದ್ದ ಬೆಳೆದು ಅಂಚು ಒಡೆದಿದ್ದವು. ಅಡಿಭಾಗದಿಂದ ಕೊಳೆತ ವಾಸನೆ. ಬೆನ್ನಿನ ಮೇಲೆ ಕೂದಲು ಗಂಟುಗಂಟಾಗಿ, ಹಕ್ಕಳೆ ಕಟ್ಟಿ ಉದುರುತ್ತಿತ್ತು. ನೆರಳಿಲ್ಲದೆ ಮಳೆಯಲ್ಲೇ ನೆನೆದು ನಿಂತ ಕುದುರೆಗೆ ಬರುವ ಚರ್ಮದ ಸೋಂಕು ಅದು.

ಆ ಹಸಿರು ಏನು ಅಂತ ನೋಡಿದರೆ ಮುಕ್ಕಾಲು ಪಾಲು ಪಾರ್ಥೇನಿಯಂ, ಬೇಲಿ ಉದ್ದಕ್ಕೂ ಲಂಟಾನ. ಎರಡೂ ಮೇವಲ್ಲ, ಲಂಟಾನ ವಿಷವೇ. ಆದರೂ ನಡುವೆ ಒಳ್ಳೆಯ ಗರಿಕೆ ಇತ್ತು. ಕುದುರೆ ಅದನ್ನು ಕೀಳುತ್ತಲೂ ಇತ್ತು. ಹಾಗಾದರೆ ಹೊಟ್ಟೆಗೆ ಹೋಗಿದ್ದೆಲ್ಲಿ?

ಉತ್ತರ ತೋರಿಸಿದವರು ಕುರಿ ಮೇಯಿಸುವ ಒಬ್ಬ ಅಜ್ಜ. ನೆಲದ ಮೇಲೆ ಅಲ್ಲಲ್ಲಿ ಬಿದ್ದಿದ್ದ ಒದ್ದೆ ಹುಲ್ಲಿನ ಉಂಡೆಗಳನ್ನು ಕೋಲಿನಿಂದ ತಿರುವಿ, "ಇದು ಅಗಿಯೋಕಾಗದೆ ಉಗುಳ್ತಿದೆ ಕಣಪ್ಪಾ" ಅಂದರು. ಅದು ಸರಿಯಾಗಿತ್ತು. ಕುದುರೆಯ ಹಲ್ಲು ಆಯಸ್ಸಿನ ಬಹುಭಾಗ ಬೆಳೆಯುತ್ತಲೇ ಇರುತ್ತದೆ. ಸಮನಾಗಿ ಸವೆಯದಿದ್ದರೆ ದವಡೆ ಹಲ್ಲುಗಳ ಅಂಚು ಚೂಪಾಗಿ ಕೆನ್ನೆ, ನಾಲಗೆಯನ್ನು ಕೊಯ್ಯುತ್ತದೆ. ಆಗ ಪ್ರಾಣಿ ಹುಲ್ಲನ್ನು ಅರ್ಧ ಅಗಿದು ಕೆಳಗೆ ಬಿಡುತ್ತದೆ. ಹಸಿವೂ ಇದೆ, ಮೇವೂ ಇದೆ, ನುಂಗಲು ಮಾತ್ರ ಆಗುವುದಿಲ್ಲ. ಎಷ್ಟು ದಿನ ಹಾಗೆ ನಿಂತಿತ್ತೋ ಅಂತ ನೆನೆದರೆ ಈಗಲೂ ಸಂಕಟವಾಗುತ್ತದೆ.

ಮೊದಲ ಬಕೆಟ್ ಹುರುಳಿ

ಕುದುರೆಗೆ ಹುರುಳಿ ಅನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಸುದ್ದಿ ಹಬ್ಬಿದ ಸಂಜೆಯೇ ಒಂದು ಮನೆಯವರು ಬಕೆಟ್ ತುಂಬ ಬೇಯಿಸಿದ ಹುರುಳಿಗೆ ಬೆಲ್ಲ ಹಾಕಿ ತಂದರು. ಇನ್ನೊಬ್ಬರು ಬೂಸಾ ತಂದರು. ಅವರ ಮುಖದಲ್ಲಿದ್ದ ಪ್ರೀತಿ ನೋಡಿ ಬೇಡ ಅನ್ನುವುದು ಕಷ್ಟವಾಯಿತು. ಆದರೂ ಬೇಡ ಅಂದೆವು. ಫೋನಿನಲ್ಲಿದ್ದ ಪಶುವೈದ್ಯರು ಅಷ್ಟು ಖಡಾಖಂಡಿತವಾಗಿ ಹೇಳಿದ್ದರು.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಸಿಕ್ಕ ಕುದುರೆಗಳು ಸಾಯುವುದು ಎಷ್ಟೋ ಸಲ ಈ ಹಂತದಲ್ಲಿ. ತುಂಬ ದಿನ ಉಪವಾಸ ಇದ್ದ ಮೈ ತನ್ನ ಕೊಬ್ಬನ್ನೂ ಮಾಂಸವನ್ನೂ ಕರಗಿಸಿ ಬದುಕುವುದಕ್ಕೆ ಒಗ್ಗಿಕೊಂಡಿರುತ್ತದೆ. ಒಳಗೆ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ತಳ ಮುಟ್ಟಿರುತ್ತವೆ. ಆಗ ಒಮ್ಮೆಲೇ ಕಾಳು, ಬೆಲ್ಲ, ಹಿಟ್ಟು ಕೊಟ್ಟರೆ ರಕ್ತದಲ್ಲಿ ಸಕ್ಕರೆ ಏರುತ್ತದೆ, ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಸಕ್ಕರೆಯನ್ನು ಜೀವಕೋಶದೊಳಗೆ ಎಳೆದುಕೊಳ್ಳುವಾಗ ಉಳಿದಿದ್ದ ಆ ಲವಣಗಳೂ ಒಳಗೆ ಹೋಗುತ್ತವೆ. ರಕ್ತದಲ್ಲಿ ಅವು ಕುಸಿದಾಗ ಹೃದಯ, ಉಸಿರಾಟ, ಮೂತ್ರಪಿಂಡ ಕೈಕೊಡುತ್ತವೆ. ಇದು ಆ ಕ್ಷಣಕ್ಕೆ ಕಾಣುವುದಿಲ್ಲ. ಚೆನ್ನಾಗಿ ತಿನ್ನುತ್ತಿದೆ ಅಂತ ಎಲ್ಲರೂ ಖುಷಿಯಲ್ಲಿರುವಾಗ, ಸಾಮಾನ್ಯವಾಗಿ ಮೂರನೇ ದಿನದಿಂದ ಐದನೇ ದಿನದೊಳಗೆ, ಕುದುರೆ ಬಿದ್ದುಬಿಡುತ್ತದೆ. ಇದರ ಜೊತೆಗೆ ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಜಾಸ್ತಿ ತಿಂದದ್ದು ಹೊರಗೆ ಬರಲು ದಾರಿಯೇ ಇಲ್ಲ, ಹೊಟ್ಟೆನೋವಿಗೆ ತಿರುಗುತ್ತದೆ.

ವೈದ್ಯರು ಹೇಳಿದ ಮೇವು ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್. ಅದರಲ್ಲಿ ಪ್ರೋಟೀನ್ ಜಾಸ್ತಿ, ಪಿಷ್ಟ ಕಡಿಮೆ, ಮೈಗೆ ಬೇಕಾದ ಲವಣಗಳೂ ಇವೆ. ಊರಿನಲ್ಲಿ ಹಾಲಿನ ಹಸು ಸಾಕಿದ ಒಬ್ಬರು ಅದನ್ನು ಒಂದು ಮಡಿಯಲ್ಲಿ ಬೆಳೆದಿದ್ದರು. ಕೊಯ್ದು, ನೆರಳಿನಲ್ಲಿ ಒಣಗಿಸಿ, ಮೇವಿನ ಮಷೀನಿನಲ್ಲಿ ಸಣ್ಣಗೆ ಕತ್ತರಿಸಿ, ನೀರಿನಲ್ಲಿ ನೆನೆಸಿ ಕೊಟ್ಟೆವು. ನೆನೆಸಿದರೆ ಅಗಿಯುವ ಕಷ್ಟ ಕಡಿಮೆ.

ಎಷ್ಟು ಕೊಡಬೇಕು ಅಂತ ತಿಳಿಯಲು ತೂಕ ಬೇಕು. ತಕ್ಕಡಿ ಎಲ್ಲಿಂದ ತರುವುದು? ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಬೇಕು. ಬಂದದ್ದು ಹೆಚ್ಚುಕಡಿಮೆ ಕೆಜಿ ಲೆಕ್ಕ. ಇದಕ್ಕೆ ಸುತ್ತಳತೆ 132, ಉದ್ದ 135. ಅಂದರೆ ಸುಮಾರು 200 ಕೆಜಿ. ಆ ಎತ್ತರದ ಕುದುರೆ 280ರ ಹತ್ತಿರ ಇರಬೇಕಿತ್ತು ಅಂದರು ವೈದ್ಯರು.

ಮೊದಲ ಮೂರು ದಿನ ಒಂದು ಹೊತ್ತಿಗೆ ಕಾಲು ಕೆಜಿ ಒಣಮೇವು, ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ. ನಂತರ ಹತ್ತನೇ ದಿನದವರೆಗೆ ಪ್ರಮಾಣ ನಿಧಾನಕ್ಕೆ ಏರಿಸಿ ಹೊತ್ತುಗಳನ್ನು ಕಡಿಮೆ ಮಾಡುವುದು. ಆಮೇಲೆ ಬೇಕಾದಷ್ಟು. ನೀರು ಯಾವಾಗಲೂ ಎದುರಿಗೆ ಇರಬೇಕು, ಆದರೆ ಮೊದಲ ದಿನ ಅರ್ಧರ್ಧ ಬಕೆಟ್ ಬಿಡುವು ಕೊಟ್ಟು. ರಾತ್ರಿ ಎರಡು ಗಂಟೆಯ ಪಾಳಿಯನ್ನು ಊರಿನ ಹುಡುಗರು ವಹಿಸಿಕೊಂಡರು. ಆ ಪಾಳಿಯಲ್ಲೇ ಅವಳಿಗೆ ಕೆಂಚಿ ಅಂತ ಹೆಸರು ಬಂದದ್ದು. ಹುರುಳಿ ತಂದಿದ್ದ ಮನೆಯವರೂ ಬೇಸರ ಮಾಡಿಕೊಳ್ಳಲಿಲ್ಲ. ಬೆಳಗಿನ ನೀರು ಅವರ ಜವಾಬ್ದಾರಿಯಾಯಿತು.

ನಮ್ಮ ಕಡೆ ಕೈಗೆ ಸಿಗುವ ಇನ್ನು ಕೆಲವು ಮೇವುಗಳ ಬಗ್ಗೆಯೂ ಹೇಳಬೇಕು. ಹಾಸನದಲ್ಲಿ ಮುಸುಕಿನ ಜೋಳ ಜಾಸ್ತಿ. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಕೆಲವು ಬಗೆಯ ಬೂಷ್ಟಿನ ವಿಷ ಕುದುರೆಯ ಮಿದುಳನ್ನೇ ಕೊಳೆಸುತ್ತದೆ. ಹಸು ತಿಂದು ತಡೆದುಕೊಳ್ಳುವ ಜೋಳವನ್ನು ಕುದುರೆ ತಡೆಯುವುದಿಲ್ಲ. ಕೋಳಿ ಆಹಾರವನ್ನಂತೂ ಹತ್ತಿರ ತರಬೇಡಿ. ಅದರಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧಿ ಕೋಳಿಗೆ ಒಳ್ಳೆಯದು, ಕುದುರೆಯ ಹೃದಯಕ್ಕೆ ವಿಷ. ನೇಪಿಯರ್ ಹುಲ್ಲನ್ನೇ ತಿಂಗಳುಗಟ್ಟಲೆ ಕೊಟ್ಟರೆ ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಮೂಳೆ ಸೊರಗುತ್ತದೆ. ಚೇತರಿಸಿಕೊಂಡ ಮೇಲೆ ಒಳ್ಳೆಯ ರಾಗಿ ಹುಲ್ಲು ಕೊಡಬಹುದು.

ವೈದ್ಯರು ಬಂದ ಮೇಲೆ

1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಆಂಬ್ಯುಲೆನ್ಸ್ ಬರುತ್ತದೆ. ಅದು ದನಗಳಿಗೆ ಮಾತ್ರ ಅಂತ ತುಂಬ ಜನ ತಿಳಿದಿದ್ದಾರೆ, ಹಾಗೇನಿಲ್ಲ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೂ ಅದರ ಆಸ್ಪತ್ರೆಯೂ ಇರುವುದು ನಮ್ಮ ಭಾಗ್ಯ. ಕುದುರೆ ನೋಡಿ ಅಭ್ಯಾಸ ಇರುವ ವೈದ್ಯರು ಎಲ್ಲ ತಾಲೂಕಿನಲ್ಲೂ ಸಿಗುವುದಿಲ್ಲ.

ವೈದ್ಯರು ಮೊದಲು ನೋಡಿದ್ದು ಮೂಗು. ಗ್ಲ್ಯಾಂಡರ್ಸ್ ಎಂಬ ರೋಗದಲ್ಲಿ ಮೂಗಿನಿಂದ ಕೀವು ಸುರಿಯುತ್ತದೆ, ಚರ್ಮದ ಮೇಲೆ ಗಂಟುಗಳಾಗಿ ಒಡೆಯುತ್ತವೆ. ಅದು ಮನುಷ್ಯರಿಗೂ ಹರಡುತ್ತದೆ. ಕಂಡುಬಂದರೆ ಸರ್ಕಾರಕ್ಕೆ ತಿಳಿಸಲೇಬೇಕು. ಚಿಕಿತ್ಸೆ ಕೊಡುವುದಿಲ್ಲ, ರೋಗ ಖಚಿತವಾದ ಕುದುರೆಯನ್ನು ನೋವಿಲ್ಲದೆ ಕೊನೆಗಾಣಿಸುತ್ತಾರೆ. ಈ ರೋಗದ ಪತ್ತೆಯಲ್ಲಿ ಇಡೀ ದೇಶಕ್ಕೆ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವೇ ಆಧಾರ. ಕೆಂಚಿಗೆ ಲಕ್ಷಣ ಇರಲಿಲ್ಲ. ಆದರೂ ರಕ್ತದ ಮಾದರಿ ತೆಗೆದರು. ಫಲಿತಾಂಶ ಬರುವವರೆಗೆ ಗ್ಲೌಸ್ ಹಾಕಿಕೊಂಡೇ ಮುಟ್ಟಬೇಕು, ಅವಳ ಬಕೆಟ್ ಬೇರೆ ಪ್ರಾಣಿಗೆ ಬಳಸಬಾರದು ಅಂದರು. ಬೀದಿಯಲ್ಲಿ ಸಿಕ್ಕ ಕುದುರೆಯನ್ನು ಕನಿಕರದಿಂದ ನೇರ ಸ್ವಂತ ಕೊಟ್ಟಿಗೆಗೆ ಕಟ್ಟುವವರು ಇದನ್ನು ದಯವಿಟ್ಟು ನೆನಪಿಡಬೇಕು. ಪರೀಕ್ಷೆಯಲ್ಲಿ ರೋಗ ಇಲ್ಲ ಅಂತ ಬಂತು.

ಇನ್ನೊಂದು ಅನುಮಾನ ಸರ್ರಾ. ಮಳೆಗಾಲದಲ್ಲಿ ಕಚ್ಚುವ ದೊಡ್ಡ ನೊಣಗಳಿಂದ ಹರಡುವ ರೋಗ. ಜ್ವರ ಬಂದು ಬಿಡುತ್ತಿರುತ್ತದೆ, ಕಾಲು ಊದುತ್ತದೆ, ತಿಂದರೂ ಮೈ ಹತ್ತುವುದಿಲ್ಲ. ರಕ್ತದ ಲೇಪನದಲ್ಲಿ ಅದೂ ಕಾಣಲಿಲ್ಲ. ಲದ್ದಿಯಲ್ಲಿ ಮಾತ್ರ ಜಂತುಹುಳದ ಮೊಟ್ಟೆ ಲೆಕ್ಕವಿಲ್ಲದಷ್ಟು. ಅದಕ್ಕೆ ಔಷಧಿಯನ್ನು ಅಂದೇ ಕೊಡಲಿಲ್ಲ. ನಿತ್ರಾಣವಾದ ಪ್ರಾಣಿಯ ಹೊಟ್ಟೆಯಲ್ಲಿ ಅಷ್ಟೂ ಹುಳು ಒಮ್ಮೆಗೇ ಸತ್ತರೆ ಅದೇ ಅಪಾಯ. ಸ್ವಲ್ಪ ಶಕ್ತಿ ಬಂದ ಮೇಲೆ ಕೊಟ್ಟರು.

ಅಂದೇ ಕೊಟ್ಟದ್ದು ಧನುರ್ವಾಯುವಿನ ಚುಚ್ಚುಮದ್ದು. ಸಾಕು ಪ್ರಾಣಿಗಳಲ್ಲಿ ಧನುರ್ವಾಯು ಅತಿ ಬೇಗ ತಾಗುವುದು ಕುದುರೆಗೆ. ಗಾಯಕ್ಕೆ ಸೀಮೆಎಣ್ಣೆ, ಫಿನೈಲ್ ಸುರಿಯುವ ರೂಢಿ ನಮ್ಮಲ್ಲಿದೆ. ಹುಳು ಸಾಯುತ್ತದೆ, ಜೊತೆಗೆ ಹಸಿ ಮಾಂಸವೂ ಸುಡುತ್ತದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ ತೊಳೆಯುವುದು, ಹುಳುವನ್ನು ಚಿಮುಟದಲ್ಲಿ ತೆಗೆಯುವುದು, ವೈದ್ಯರು ಕೊಟ್ಟ ಮುಲಾಮು ಹಚ್ಚುವುದು. ಇಷ್ಟರಿಂದಲೇ ಗಾಯ ಮಾಯುತ್ತ ಬಂತು. ಹಲ್ಲನ್ನು ಅರದಿಂದ ಉಜ್ಜಿ ಸಮ ಮಾಡಿದ್ದು ವಾರಗಳ ನಂತರ. ಮಂಪರು ಮದ್ದು ತಡೆಯುವಷ್ಟು ಮೈ ಗಟ್ಟಿಯಾಗಬೇಕಿತ್ತು.

"ಇಷ್ಟು ನರಳಿಸುವ ಬದಲು ಮುಗಿಸಿಬಿಡಬಾರದಾ" ಅಂತ ಕೇಳಿದವರೂ ಇದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಿದ್ದು ಮೂರು ದಿನವಾದರೂ ಏಳಲಾಗದ ಕುದುರೆಯಾದರೆ ಆ ಪ್ರಶ್ನೆ ಕೇಳಲೇಬೇಕು, ಕಾನೂನಿನಲ್ಲೂ ಅದಕ್ಕೆ ಜಾಗ ಇದೆ. ಕೆಂಚಿ ತನ್ನ ಕಾಲ ಮೇಲೆ ನಿಂತಿದ್ದಳು, ಬಕೆಟ್ ಸದ್ದಿಗೆ ಕಿವಿ ನಿಮಿರಿಸುತ್ತಿದ್ದಳು. ವೈದ್ಯರಿಗೆ ಅಷ್ಟು ಸಾಕಾಯಿತು.

ಯಾಕೆ ಕೂಡಲೇ ಬೇರೆ ಕಡೆ ಸಾಗಿಸಲಿಲ್ಲ

ಮೊದಲ ರಾತ್ರಿಯೇ ಟೆಂಪೋ ತಂದು ಕರೆದೊಯ್ಯೋಣ ಅಂದವರೇ ಜಾಸ್ತಿ. ಎರಡು ಕಾರಣಕ್ಕೆ ಬೇಡ ಅಂದೆವು. ಒಂದು, ಅಷ್ಟು ನಿತ್ರಾಣವಾದ ಕುದುರೆ ಗಾಡಿಯ ಕುಲುಕಾಟದಲ್ಲಿ ಬಿದ್ದರೆ ಎಬ್ಬಿಸುವುದು ಕಷ್ಟ. ಎರಡು, ಹೊಲದಲ್ಲಿ ಬಿಟ್ಟಿದ್ದರೂ ಅದಕ್ಕೆ ಒಬ್ಬ ಮಾಲೀಕ ಇರುತ್ತಾನೆ. ಹೇಳದೆ ಒಯ್ದರೆ ಕಳವಿನ ದೂರು ನಮ್ಮ ಮೇಲೆ ಬರಬಹುದು. ಆಗ ಕುದುರೆ ಮತ್ತೆ ಅವನ ಕೈಗೇ ಹೋಗುತ್ತದೆ.

ಹಾಗಾಗಿ ಹೊಲದ ಯಜಮಾನರಿಗೆ ಫೋನ್ ಮಾಡಿ, ಒಪ್ಪಿಗೆಯನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಂಡೆವು. ನಾಲ್ಕು ಕಂಬ ನೆಟ್ಟು ತಗಡಿನ ಚಪ್ಪರ ಹಾಕಿದೆವು. ಪಂಚಾಯಿತಿಗೂ ಪೊಲೀಸ್ ಠಾಣೆಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದೆವು. ಪಿಡಿಓ ಮತ್ತು ಗ್ರಾಮ ಆಡಳಿತ ಅಧಿಕಾರಿಯ ಎದುರಿಗೆ ಮಹಜರು ಆಯಿತು. ಒಂದೇ ಜಾಗದಲ್ಲಿ ನಿಂತು ದಿನವೂ ಎಡ, ಬಲ, ಹಿಂದಿನಿಂದ ಫೋಟೋ ತೆಗೆದೆವು. ಹಗ್ಗ ಬಿಚ್ಚುವ ಮೊದಲಿನ ಫೋಟೋ ತುಂಬ ಮುಖ್ಯ. ಬಿಚ್ಚಿದ ಹಗ್ಗವನ್ನೂ ಚೀಲದಲ್ಲಿ ಇಟ್ಟುಕೊಂಡೆವು.

ಠಾಣೆಯಲ್ಲಿ ಮೊದಲು ಸಿಕ್ಕ ಉತ್ತರ "ಎಫ್‌ಐಆರ್ ಆಗಲ್ಲ" ಅಂತ. ನಮಗೆ ಬೇಸರವಾಯಿತು. ಆದರೆ ಅದರಲ್ಲಿ ಅರ್ಧ ಸತ್ಯ ಇದೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮೇವು, ನೀರು, ನೆರಳು ಕೊಡದಿರುವುದೂ ಅಪರಾಧ, ಹಸಿವಿನಿಂದ ನರಳುವಂತೆ ಬಿಟ್ಟು ಹೋಗುವುದೂ ಅಪರಾಧ. ಆದರೆ ಈ ಎರಡೂ ಪೊಲೀಸರು ತಾವಾಗಿ ತನಿಖೆ ಶುರುಮಾಡಬಹುದಾದ ಪಟ್ಟಿಯಲ್ಲಿ ಇಲ್ಲ. ದೂರನ್ನು ದಾಖಲಿಸಿಕೊಂಡು ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಅಂದರೆ ಠಾಣೆಯಲ್ಲಿ ಕೇಳಬೇಕಾದ್ದು ಎಫ್‌ಐಆರ್ ಅಲ್ಲ, ಅಸಂಜ್ಞೇಯ ಅಪರಾಧದ ವರದಿ. ಅದನ್ನು ಕೊಡಲು ಅವರು ಇಲ್ಲ ಅನ್ನುವಂತಿಲ್ಲ. ಅಪರಾಧ ನಡೆದ ಮೂರು ತಿಂಗಳೊಳಗೆ ಕೋರ್ಟಿಗೆ ಹೋಗದಿದ್ದರೆ ಈ ಕಾಯ್ದೆಯಡಿ ಕೇಸೇ ನಿಲ್ಲುವುದಿಲ್ಲ. ಇದು ಗೊತ್ತಿಲ್ಲದೆ ಕಾದು ಕುಳಿತವರ ದೂರುಗಳು ಹಾಗೇ ಸತ್ತುಹೋಗುತ್ತವೆ.

ಶಿಕ್ಷೆ? ಮೊದಲ ಸಲಕ್ಕೆ 10 ರೂಪಾಯಿಯಿಂದ 50 ರೂಪಾಯಿವರೆಗೆ ದಂಡ. ಒಂದು ಜೀವವನ್ನು ಹಸಿವಿಗೆ ಬಿಟ್ಟದ್ದಕ್ಕೆ ಇವತ್ತಿಗೂ ಇಷ್ಟೇ ಅನ್ನುವುದು ನಾಚಿಕೆಗೇಡು.

ಮಾಲೀಕ

ಅವನನ್ನು ಹುಡುಕಿಕೊಟ್ಟದ್ದು ಪೊಲೀಸರೂ ಅಲ್ಲ, ಹರಿದಾಡಿದ ಫೋಟೋಗಳೂ ಅಲ್ಲ. ಗೊರಸು ಕೊಯ್ಯಲು ಬಂದ ಲಾಳ ಕಟ್ಟುವವರು. ಕುದುರೆ ಕಡಿಮೆ ಇರುವ ಜಿಲ್ಲೆಯಲ್ಲಿ ಅವರಿಗೆ ಪ್ರತಿಯೊಂದು ಕುದುರೆಯ ಕಾಲೂ ಪರಿಚಯ. ನೋಡಿದ ಕೂಡಲೇ "ಇದು ಮದುವೆ ಸಾರೋಟಿನ ಕುದುರೆ" ಅಂದರು.

ಮಾಲೀಕ ಪಕ್ಕದ ತಾಲೂಕಿನವನು. ಎರಡು ಕುದುರೆ ಇಟ್ಟುಕೊಂಡು ಮದುವೆ ಮೆರವಣಿಗೆಗೆ ಬಾಡಿಗೆ ಕೊಡುತ್ತಿದ್ದ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಆದಾಯ ನಿಂತರೂ ಮೇವಿನ ಖರ್ಚು ನಿಲ್ಲುವುದಿಲ್ಲ. ಕೆಂಚಿ ತಿನ್ನುವುದು ಕಡಿಮೆ ಮಾಡಿ ಸೊರಗಿದ್ದಳು. ಮಾರಲು ನೋಡಿದರೆ ಯಾರೂ ಕೊಳ್ಳಲಿಲ್ಲ. ಹಲ್ಲು ತೋರಿಸಬೇಕು ಅಂತ ಅವನಿಗೆ ಹೊಳೆದೇ ಇರಲಿಲ್ಲ. "ಹಸಿರಿರೋ ಕಡೆ ಬಿಟ್ರೆ ಬದುಕ್ಕೊಳ್ಳುತ್ತೆ ಅಂದ್ಕೊಂಡೆ" ಅಂದ. ಊರಿನವರು ಹೇಳಿದ್ದೂ ಅದೇ ಮಾತನ್ನೇ. ಅವನು ಮಾಡಿದ್ದನ್ನು ನಾನು ಕ್ಷಮಿಸಲಾರೆ. ಕಾಲಿಗೆ ಹಗ್ಗ ಕಟ್ಟಿ ರಾತ್ರೋರಾತ್ರಿ ಬಿಟ್ಟು ಹೋದವನಿಗೆ ಮನಸ್ಸಿನಲ್ಲಿ ಅಳುಕು ಇದ್ದೇ ಇತ್ತು. ಆದರೆ ಅವನ ಮನೆಯಲ್ಲಿ ಇನ್ನೊಂದು ಕುದುರೆ ನಿಂತಿತ್ತು.

ನಮ್ಮಲ್ಲೇ ಜಗಳವಾಯಿತು. ಕೇಸು ನಡೆಸಿ ಪಾಠ ಕಲಿಸಬೇಕು ಅನ್ನುವವರು ಕೆಲವರು. ನಾನು ಒಪ್ಪಲಿಲ್ಲ. ಐವತ್ತು ರೂಪಾಯಿ ದಂಡ ಕಟ್ಟಿ ಅವನು ಹೊರಗೆ ಬರುತ್ತಾನೆ. ಕೆಂಚಿಯ ಹಕ್ಕು ಯಾರದು ಅನ್ನುವುದು ಕೋರ್ಟಿನಲ್ಲಿ ತೂಗಾಡುತ್ತದೆ. ಆ ಇನ್ನೊಂದು ಕುದುರೆಯ ಹತ್ತಿರ ಮಾತ್ರ ನಮ್ಮನ್ನು ಯಾರೂ ಬಿಡುವುದಿಲ್ಲ. ಕೊನೆಗೆ ದೂರನ್ನು ಹಿಂದಕ್ಕೆ ಪಡೆಯದೆ, ಮೂರು ತಿಂಗಳ ಗಡುವು ಇನ್ನೂ ಇರುವಾಗಲೇ ಮಾತಿಗೆ ಕುಳಿತೆವು. ಠಾಣೆಯಲ್ಲಿ, ಛಾಪಾ ಕಾಗದದ ಮೇಲೆ, ಕೆಂಚಿಯ ಮೇಲಿನ ಹಕ್ಕನ್ನು ಅವನು ಪೂರ್ತಿ ಬಿಟ್ಟುಕೊಟ್ಟ. ಇನ್ನೊಂದು ಕುದುರೆಯನ್ನು ವೈದ್ಯರು ನೋಡಲು ಒಪ್ಪಿದ. ಅದರ ಹಲ್ಲೂ ಕೆಟ್ಟಿತ್ತು, ಗೊರಸೂ ಬೆಳೆದಿತ್ತು. ಸಮಯಕ್ಕೆ ಸಿಕ್ಕಿತು.

ಕೆಂಚಿ ಈಗ ಅರಸೀಕೆರೆ ಕಡೆಯ ಒಂದು ತೆಂಗಿನ ತೋಟದಲ್ಲಿದ್ದಾಳೆ. ಕುದುರೆ ಒಂಟಿಯಾಗಿ ಇರಲಾರದ ಪ್ರಾಣಿ, ಅಲ್ಲಿ ಒಂದು ಮುದಿ ಹಸು ಜೊತೆಗಿದೆ. ಇಷ್ಟು ಸೊರಗಿದ ಕುದುರೆ ಮೊದಲಿನ ಮೈಗೆ ಬರಲು ಆರರಿಂದ ಹತ್ತು ತಿಂಗಳು ಬೇಕು ಅಂತ ವೈದ್ಯರು ಮೊದಲೇ ಹೇಳಿದ್ದರು. ಹಾಗೇ ಆಯಿತು. ಟೇಪಿನ ಲೆಕ್ಕದಲ್ಲಿ ಈಗ 270 ಕೆಜಿ ದಾಟಿದ್ದಾಳೆ. ಆರೆಂಟು ವಾರಕ್ಕೊಮ್ಮೆ ಗೊರಸು ಕೊಯ್ಯಬೇಕು, ವರ್ಷಕ್ಕೊಮ್ಮೆಯಾದರೂ ಹಲ್ಲು ನೋಡಬೇಕು. ಆ ಖರ್ಚನ್ನು ನಾವು ಕೆಲವರು ತಿಂಗಳಿಗೆ ಇಷ್ಟು ಅಂತ ಹಂಚಿಕೊಂಡಿದ್ದೇವೆ. ಸಂಗ್ರಹ ನಿಂತರೆ ಇವಳ ಕಥೆ ಮತ್ತೆ ಶುರುವಾಗುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ.

ಮುಂದಿನ ಆಷಾಢಕ್ಕೆ ಆ ಸಾರೋಟಿನವನು ತಾನಾಗಿಯೇ ಲಾಳ ಕಟ್ಟುವವರಿಗೆ ಫೋನ್ ಮಾಡಿದ. ಕುದುರೆಯನ್ನು ಒಂದು ತಿಂಗಳು ಎಲ್ಲಾದರೂ ಇಡಬಹುದಾ ಅಂತ ಕೇಳಿದ. ಕೆಂಚಿ ಇರುವ ತೋಟದವರೇ ಜಾಗ ಕೊಟ್ಟರು. ಮೇವಿನ ಖರ್ಚು ಅರ್ಧ ಅವನದು, ಅರ್ಧ ನಮ್ಮದು. ಜಿಲ್ಲೆಯಲ್ಲಿ ಮದುವೆ ಕುದುರೆ ಇಟ್ಟವರು ಇನ್ನೂ ಇದ್ದಾರೆ. ಧನುರ್ಮಾಸಕ್ಕೆ ಮುಂಚೆ ಅವರನ್ನೂ ಭೇಟಿಯಾಗಿ ಇದೇ ಮಾತು ಆಡಬೇಕು ಅಂತ ಪಟ್ಟಿ ಮಾಡುತ್ತಿದ್ದೇವೆ. ವಿಳಾಸಗಳೆಲ್ಲ ಆ ಲಾಳ ಕಟ್ಟುವವರ ಹತ್ತಿರವೇ ಇವೆ.